ಟೆಸ್ಟರ್‌ನ ಎಂಟೂ ದೀಪ ಹೊತ್ತಿದರೂ ನೆಟ್ ನಿಧಾನವೇಕೆ?

ಪ್ರಶ್ನೆ: ಮನೆಯಲ್ಲಿ 300 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ರೂಟರ್ ಪಕ್ಕದಲ್ಲಿ ನಿಂತರೆ ಮೊಬೈಲಿನಲ್ಲಿ ವೈಫೈ 280ರವರೆಗೂ ಬರುತ್ತದೆ. ಗೋಡೆಯೊಳಗೆ ಎಳೆಸಿದ ಲ್ಯಾನ್ ಕೇಬಲ್ ಹಾಕಿದ ಮಹಡಿಯ ಕಂಪ್ಯೂಟರಿನಲ್ಲಿ ಮಾತ್ರ 94 ದಾಟುವುದಿಲ್ಲ. ಆಗಾಗ ಒಂದೆರಡು ಸೆಕೆಂಡ್ ಕಟ್ ಕೂಡ ಆಗುತ್ತದೆ. ಎಲೆಕ್ಟ್ರಿಷಿಯನ್ ಟೆಸ್ಟರ್ ಹಾಕಿ, ‘ಎಂಟೂ ದೀಪ ಹೊತ್ತುತ್ತಿವೆ, ಕೇಬಲ್ ಸರಿಯಿದೆ’ ಎಂದರು. ಹೊಸ ರೂಟರ್ ಕೊಳ್ಳಬೇಕೆ?
– ಹಾಸನದ ಓದುಗರು

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಅರ್ಧ ಉತ್ತರ ಆ 94ರಲ್ಲೇ ಇದೆ. 100 ಎಂಬಿಪಿಎಸ್ ಲಿಂಕಿನಲ್ಲಿ ಪ್ಯಾಕೆಟ್‌ಗಳ ಹೆಡರ್, ನಡುವಿನ ಬಿಡುವು ಎಲ್ಲ ಕಳೆದು ಕೈಗೆ ಸಿಗುವುದು 94–95. ಅಂದರೆ ಗಿಗಾಬಿಟ್ (1000 ಎಂಬಿಪಿಎಸ್) ಆಗಿರಬೇಕಾದ ಲಿಂಕ್ 100ಕ್ಕೆ ಇಳಿದು ಕೂತಿದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್ ಎಂದು ಹೋಗಿ ‘ಲಿಂಕ್ ಸ್ಪೀಡ್’ ನೋಡಿ. 100/100 ಇದ್ದರೆ ಇದೇ ರೋಗ.

ಮೊದಲು ಪೋರ್ಟ್ ಪರೀಕ್ಷಿಸಿ. ಕಡಿಮೆ ಬೆಲೆಯ ಎಷ್ಟೋ ಡ್ಯುಯಲ್ ಬ್ಯಾಂಡ್ ರೂಟರ್‌ಗಳಲ್ಲಿ ವೈಫೈ ವೇಗವಾಗಿದ್ದರೂ ಲ್ಯಾನ್ ಪೋರ್ಟ್ 100ರದೇ ಇರುತ್ತದೆ. ನಡುವೆ ಹಳೆಯ ನೆಟ್‌ವರ್ಕ್ ಸ್ವಿಚ್ (ಹಲವು ಲ್ಯಾನ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಇದ್ದರೂ ಇದೇ ಕಥೆ. ಕಂಪ್ಯೂಟರನ್ನೇ ಕೆಳಗೆ ತಂದು, ಕಾರ್ಖಾನೆಯಲ್ಲೇ ಪ್ಲಗ್ ಕೂರಿಸಿ ಬಂದ ಒಂದು ಮೀಟರ್ ಪ್ಯಾಚ್ ಕಾರ್ಡಿನಿಂದ ನೇರ ರೂಟರ್‌ಗೆ ಹಾಕಿ. ಲಿಂಕ್ ಸ್ಪೀಡ್ 1000 ತೋರಿಸಿದರೆ ರೂಟರೂ ಸರಿ, ಕಂಪ್ಯೂಟರೂ ಸರಿ. ತಪ್ಪು ಗೋಡೆಯ ಕೇಬಲಿನದು. ಬಹುಪಾಲು ಅದರ ಎರಡು ತುದಿಗಳದು.

ಇನ್ನು ಟೆಸ್ಟರ್ ವಿಷಯ. ಕೇಬಲಿನೊಳಗಿನ ಎಂಟು ತಂತಿಗಳು ಎರಡೆರಡಾಗಿ ಹೆಣೆದುಕೊಂಡು ನಾಲ್ಕು ಜೋಡಿಯಾಗಿರುತ್ತವೆ. 100ರ ಲಿಂಕಿಗೆ 1, 2, 3, 6ನೇ ಪಿನ್‌ಗಳ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ದೀಪದ ಟೆಸ್ಟರ್ ಹೇಳುವುದು ಒಂದೇ ಮಾತು: ಈ ತುದಿಯ ಒಂದನೇ ಪಿನ್ ಆ ತುದಿಯ ಒಂದನೇ ಪಿನ್‌ಗೆ ಮುಟ್ಟಿದೆಯೇ ಎಂದು. ಯಾವ ತಂತಿ ಯಾವುದರ ಜೊತೆ ಹೆಣೆದುಕೊಂಡು ಬಂದಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಎಡವಟ್ಟಾಗುವುದು ಇಲ್ಲೇ. ಪ್ಲಗ್ ಅನ್ನು ಬೆಳಕಿಗೆ ಹಿಡಿದು, ಕೊಂಡಿ ಕೆಳಗೆ ಬರುವಂತೆ, ಪೋರ್ಟಿಗೆ ತೂರುವ ತುದಿ ನಿಮ್ಮಿಂದ ಆಚೆಗೆ, ಕೇಬಲ್ ನಿಮ್ಮ ಕಡೆಗೆ ಇರುವಂತೆ ಇಟ್ಟು ಎಡದಿಂದ ಬಣ್ಣ ಓದಿ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ರಲ್ಲಿ, ನೀಲಿ ಅದರ ನಡುವೆ. ಗೊತ್ತಿಲ್ಲದವರು ‘ಬಿಳಿ-ಹಸಿರಿನ ಪಕ್ಕ ಹಸಿರು, ಬಿಳಿ-ನೀಲಿಯ ಪಕ್ಕ ನೀಲಿ’ ಎಂದು ಅಂದವಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿಯಲ್ಲಿ ಹಾಗೇ ಮಾಡಿದರೆ ಎಂಟೂ ದೀಪ ಹೊತ್ತುತ್ತವೆ. ಆದರೆ 3 ಮತ್ತು 6ರಲ್ಲಿ ಹೋಗುವ ಸಿಗ್ನಲ್ ಬೇರೆ ಬೇರೆ ಹೆಣಿಗೆಯ ತಂತಿಗಳಲ್ಲಿ ಹರಿದು ಪಕ್ಕದ ಜೋಡಿಗೆ ಸೋರುತ್ತದೆ. ಹತ್ತು ಅಡಿಯಲ್ಲಿ ಹೇಗೋ ನಡೆಯುತ್ತದೆ. ಇಪ್ಪತ್ತು-ಮೂವತ್ತು ಮೀಟರ್ ಆದಾಗ ಗಿಗಾಬಿಟ್ ನಿಲ್ಲದೆ ಲಿಂಕ್ 100ಕ್ಕೆ ಇಳಿಯುತ್ತದೆ, ಇಲ್ಲವೇ ಬಿದ್ದು ಎದ್ದು ಮಾಡುತ್ತದೆ.

ಬಣ್ಣ ಸರಿಯಿದ್ದರೂ ಬಿಡಬೇಡಿ. ಹೊರಕವಚ ಪ್ಲಗ್‌ನೊಳಗೆ ಬಂದು ಕಚ್ಚಿಕೊಂಡಿರಬೇಕು; ಹೆಣಿಗೆ ಬಿಚ್ಚಿದ ಭಾಗ 13 ಮಿ.ಮೀ. ಮೀರಬಾರದು. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಮಾಲು. ಅದರ ರೋಧ ಹೆಚ್ಚು, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಅಂಥದ್ದಕ್ಕೆ ಎಷ್ಟು ಸಲ ಪ್ಲಗ್ ಒತ್ತಿ ಕೂರಿಸಿದರೂ (ಕ್ರಿಂಪ್ ಮಾಡಿದರೂ) ನೆಮ್ಮದಿಯಿಲ್ಲ, ಕೇಬಲ್ಲನ್ನೇ ಬದಲಿಸಿ. ತಾಮ್ರವಾಗಿದ್ದರೆ ಎರಡೂ ತುದಿ ಕತ್ತರಿಸಿ ಹೊಸದಾಗಿ ಕೂರಿಸಿ. ಗೋಡೆಯ ಕೇಬಲಿಗೆ ಪ್ಲಗ್‌ಗಿಂತ ಜಾಕ್ (ಗೋಡೆಗೆ ಕೂರಿಸುವ ಸಾಕೆಟ್) ಒಳ್ಳೆಯದು, ಅಲ್ಲಿಂದ ಪ್ಯಾಚ್ ಕಾರ್ಡ್ ಎಳೆಯಿರಿ.

ಮುಗಿದ ಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ರೂಟರ್ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1ಕ್ಕೆ, ನಿಲ್ಲದ ಪಿಂಗ್ (ping -t; ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಆಜ್ಞೆ) ಹಾಕಿ. ಉತ್ತರ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರಬೇಕು. ಪಿಂಗ್ ಓಡುತ್ತಿರುವಾಗಲೇ ಪ್ಲಗ್ ಅನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ. ಉತ್ತರ ತಪ್ಪಿತೋ, ತಪ್ಪು ಆ ತುದಿಯದೇ.

ಎಂಟು ದೀಪ ಹೊತ್ತದವರಿಗೆ ಒಂದು ಮಾತು: ಒಂದೇ ಕೇಬಲಿನ ಎರಡು ಜೋಡಿಯನ್ನು ಕಂಪ್ಯೂಟರಿಗೂ ಉಳಿದೆರಡನ್ನು ಸಿಸಿಟಿವಿ ಕ್ಯಾಮೆರಾಕ್ಕೂ ಹಂಚಿರುವುದು ಸಾಮಾನ್ಯ. ಹಾಗಿದ್ದರೆ ಗಿಗಾಬಿಟ್ ಎಂದಿಗೂ ಬಾರದು.

ಪ್ರಶ್ನೆ: ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನಿಂದ ಪಿಂಗ್ ಚೆನ್ನಾಗಿ ಬರುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದರೆ ಮಾತ್ರ ತೆವಳುತ್ತದೆ. ಕೇಬಲ್ ಬದಲಿಸಿದ್ದಾಯಿತು.
– ದಾವಣಗೆರೆಯ ಓದುಗರು

ಉತ್ತರ: ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರ್ ತೆರೆದು, ಅಡ್ವಾನ್ಸ್ಡ್ ಟ್ಯಾಬಿನಲ್ಲಿ ‘ಸ್ಪೀಡ್ ಅಂಡ್ ಡ್ಯುಪ್ಲೆಕ್ಸ್’ ನೋಡಿ. ಯಾರೋ ‘100 ಫುಲ್ ಡ್ಯುಪ್ಲೆಕ್ಸ್’ ಎಂದು ಕಟ್ಟಿಹಾಕಿರುವ ಸಾಧ್ಯತೆ ಹೆಚ್ಚು. ಫುಲ್ ಡ್ಯುಪ್ಲೆಕ್ಸ್ ಎಂದರೆ ಎರಡೂ ಕಡೆಯವರು ಒಟ್ಟಿಗೇ ಕಳಿಸಬಹುದು; ಹಾಫ್ ಎಂದರೆ ಒಮ್ಮೆಗೆ ಒಬ್ಬರೇ. ಈ ಕಡೆ ಹಾಗಿದ್ದು ಸ್ವಿಚ್ ಆಟೋದಲ್ಲಿದ್ದರೆ, ಸ್ವಿಚ್‌ಗೆ ವೇಗ ತಿಳಿಯುತ್ತದೆ, ಡ್ಯುಪ್ಲೆಕ್ಸ್ ತಿಳಿಯುವುದಿಲ್ಲ. ಅದು ಹಾಫ್ ಎಂದುಕೊಳ್ಳುತ್ತದೆ. ಒಬ್ಬರು ಒಟ್ಟಿಗೇ ಮಾತಾಡುತ್ತಾರೆ, ಇನ್ನೊಬ್ಬರು ಸರದಿ ಕಾಯುತ್ತಾರೆ. ಒಂದೊಂದೇ ಹೋಗಿ ಬರುವ ಪಿಂಗ್‌ಗೆ ತೊಂದರೆಯಿಲ್ಲ. ಎರಡೂ ಕಡೆಯಿಂದ ಒಮ್ಮೆಲೇ ಹರಿಯುವ ಕಾಪಿಯಲ್ಲಿ ಪ್ಯಾಕೆಟ್‌ಗಳು ಡಿಕ್ಕಿಯಾಗಿ ಹಾಳಾಗುತ್ತವೆ. ‘ಆಟೋ ನೆಗೋಷಿಯೇಷನ್’ ಆರಿಸಿ. ಸ್ವಿಚ್‌ನಲ್ಲೂ ಸೆಟ್ಟಿಂಗ್ ಇದ್ದರೆ ಅಲ್ಲೂ ಆಟೋ ಇರಲಿ.

ಪ್ರಶ್ನೆ: ಮನೆಯಿಂದ ಅಡಿಕೆ ಗೋದಾಮಿಗೆ 60 ಮೀಟರ್ ಕ್ಯಾಟ್ 6 ಕೇಬಲ್ ಮರದಿಂದ ಮರಕ್ಕೆ ಎಳೆದಿದ್ದೇವೆ. ಮಳೆಗಾಲದಲ್ಲಿ ಲಿಂಕ್ ಬಿಟ್ಟು ಬಿಟ್ಟು ಬರುತ್ತದೆ. ಗುಡುಗಿಗೆ ಎರಡು ಸಲ ಪೋರ್ಟ್ ಸುಟ್ಟಿದೆ.
– ಪುತ್ತೂರಿನ ಓದುಗರು

ಉತ್ತರ: ಉದ್ದದ ತೊಂದರೆಯಲ್ಲ, 100 ಮೀಟರಿನವರೆಗೆ ಅವಕಾಶವಿದೆ. ಒಳಾಂಗಣ ಕೇಬಲಿನ ಕವಚ ಬಿಸಿಲಿಗೆ ಬಿರಿದು ನೀರು ಒಳಗಿಳಿಯುತ್ತದೆ. ಹೊರಾಂಗಣ ಕೇಬಲ್ ಹಾಕಿದರೆ ನೀರಿನ ಕಾಟ ತಪ್ಪೀತು, ಸಿಡಿಲಿನದು ತಪ್ಪದು. ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿ ಮಿಂಚಿನ ಹೊಡೆತವನ್ನು ಎರಡೂ ಕಡೆಯ ಉಪಕರಣಕ್ಕೆ ಮುಟ್ಟಿಸುತ್ತದೆ. ನಿಮ್ಮ ಕಡೆ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಗುಡುಗು ಸಾಮಾನ್ಯದ್ದಲ್ಲ. ಫೈಬರ್ ಎಳೆಸಿ, ಎರಡೂ ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಪೋರ್ಟಿಗೆ ಹೊಂದಿಸುವ ಪೆಟ್ಟಿಗೆ) ಇಡಿ. ಒಂದೇ ಎಳೆಯ ಕನ್ವರ್ಟರ್ ಆದರೆ ‘ಎ’ ಮತ್ತು ‘ಬಿ’ ಜೋಡಿಯಾಗಿಯೇ ಕೊಳ್ಳಬೇಕು. ಎರಡೂ ‘ಎ’ ತಂದರೆ ಲಿಂಕ್ ಬರುವುದಿಲ್ಲ. ಡ್ರಾಪ್ ಕೇಬಲ್ (ಮನೆಗೆ ಎಳೆಯುವ ತೆಳು ಫೈಬರ್ ಕೇಬಲ್) ಕೇಳುವಾಗ ಉಕ್ಕಿನ ತಂತಿ ಇರುವುದು ಬೇಡ, ಎಫ್‌ಆರ್‌ಪಿ (ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್) ಕಡ್ಡಿಯದ್ದು ಕೊಡಿ ಎನ್ನಿ. ಉಕ್ಕಿದ್ದರೆ ಸಿಡಿಲಿಗೆ ಮತ್ತೆ ಅದೇ ದಾರಿ ಮಾಡಿಕೊಟ್ಟಂತೆ.