ಕೈ ನಡುಕಕ್ಕೆ ವಿಆರ್, ಕುಣಿತಕ್ಕಲ್ಲ

ಪ್ರಶ್ನೆ: ನನ್ನದು ನಿಕಾನ್ ಡಿ5600. ಎಎಫ್-ಪಿ ಡಿಎಕ್ಸ್ 70-300 ಎಂಎಂ ಝೂಮ್ ಲೆನ್ಸ್ ಸೆಕೆಂಡ್‌ಹ್ಯಾಂಡ್ ಸಿಗುತ್ತಿದೆ. ವಿಆರ್ (ವೈಬ್ರೇಶನ್ ರಿಡಕ್ಷನ್, ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ) ಇರುವುದೂ ಇದೆ, ಇಲ್ಲದ್ದೂ ಇದೆ. ನವಿ ಮುಂಬಯಿ ಐರೋಲಿಯ ಫ್ಲೆಮಿಂಗೊ ಹಕ್ಕಿ, ಮುಂಬಯಿ ಮಾಟುಂಗದ ಯಕ್ಷಗಾನ, ಎರಡನ್ನೂ ತೆಗೆಯುವ ಆಸೆ. ವಿಆರ್‌ಗೆ ಜಾಸ್ತಿ ದುಡ್ಡು ಕೊಡಬೇಕಾ?
– ಓದುಗರು, ಡೊಂಬಿವಲಿ

ಉತ್ತರ: ಕೊಡಿ. 300ರ ಲೆನ್ಸ್‌ಗೆ ವಿಆರ್ ಬೇಕೇ ಬೇಕು. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದರಲ್ಲಿ 300 ಎಂಎಂ ಅಂದರೆ 450 ಎಂಎಂನಷ್ಟು ಹತ್ತಿರ ಕಾಣುತ್ತದೆ. ವಿಆರ್ ಇಲ್ಲದೆ ಕೈಯಲ್ಲಿ ಹಿಡಿದು ತೆಗೆಯಲು ಶಟರ್ ವೇಗ 1/500 ಸೆಕೆಂಡ್ ಆದರೂ ಇರಬೇಕು. ವಿಆರ್ ಇದ್ದರೆ, ಲೆನ್ಸ್ ಒಳಗಿನ ಗೈರೋ ಸೆನ್ಸರ್ ಕೈ ನಡುಕವನ್ನು ಅಳೆಯುತ್ತದೆ, ಒಂದಿಷ್ಟು ಗಾಜು ಅದಕ್ಕೆ ಎದುರು ದಿಕ್ಕಿಗೆ ಸರಿಯುತ್ತದೆ. 1/60ರಲ್ಲೂ ಚಿತ್ರ ಚೊಕ್ಕವಾಗಿ ಬರುತ್ತದೆ.

ಆದರೆ ಯಕ್ಷಗಾನದ ವಿಷಯ ಬೇರೆ. ಮಾಟುಂಗದಲ್ಲಿ ನಾನು ಮೊದಲ ಸಲ ಆಟ ತೆಗೆದಾಗ ವಿಆರ್ ನಂಬಿ ಶಟರ್ 1/40 ಇಟ್ಟಿದ್ದೆ. ಮನೆಗೆ ಬಂದು ನೋಡಿದರೆ ಹಿಂದಿನ ಪರದೆಯ ಒಂದೊಂದು ಮಡಿಕೆಯೂ ಸ್ಪಷ್ಟ. ದಿಗಿಣ ಹಾಕುತ್ತ ಸುತ್ತಿ ಜಿಗಿಯುತ್ತಿದ್ದ ವೇಷ ಮಾತ್ರ ಒರೆಸಿದ ಬಣ್ಣದ ಹಾಗೆ. ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ವಿಆರ್ ತಡೆಯುವುದು ನಮ್ಮ ಕೈಯ ಅಲುಗಾಟವನ್ನು, ಕುಣಿಯುವವರ ಕಾಲನ್ನಲ್ಲ. ಕುಣಿತಕ್ಕೆ 1/320 ಆದರೂ ಬೇಕು, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಒವನ್ನು 3200ಕ್ಕೆ ಏರಿಸಲು ಹೆದರಬೇಡಿ. ಮುಂದೆ ಕೈಗೆ ದುಡ್ಡು ಬಂದಾಗ 85 ಎಂಎಂ ಎಫ್/1.8 ಒಂದು ತೆಗೆದುಕೊಳ್ಳಿ. ಈ ಝೂಮನ್ನು 85 ಎಂಎಂಗೆ ಇಟ್ಟಾಗಿನದಕ್ಕಿಂತ ಸುಮಾರು ಆರು ಪಟ್ಟು ಬೆಳಕು ಒಳಗೆ ಬಿಡುತ್ತದೆ.

ವಿಆರ್‌ನ ನಿಜವಾದ ಬೆಲೆ ನನಗೆ ಗೊತ್ತಾದದ್ದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ. ಕನ್ನಡಿಯ ಮುಂದೆ ಒಂದೇ ಬಲ್ಬು. ಬಣ್ಣದ ವೇಷದವರು ಉಸಿರು ಬಿಗಿಹಿಡಿದು ಕೆನ್ನೆಯ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಿದ್ದರು, ಒಂದೊಂದೇ ಚುಕ್ಕೆ. ದೂರದಿಂದ, ಅವರಿಗೆ ತೊಂದರೆ ಕೊಡದೆ, 1/30ರಲ್ಲಿ ತೆಗೆದೆ. ಬಿಳಿ ಚುಕ್ಕೆಗಳ ಮೊನೆ ಕೂಡ ಕಾಣುತ್ತದೆ. ಆ ಚಿತ್ರ ಇವತ್ತಿಗೂ ನಮ್ಮ ಮನೆಯ ಗೋಡೆಯಲ್ಲಿದೆ.

ಫ್ಲೆಮಿಂಗೊಗೆ ಬೆಳಗಿನ ಬಿಸಿಲು ಸಾಕಷ್ಟು ಇರುತ್ತದೆ. ಹಾರುವ ಹಕ್ಕಿಗೆ ಹೇಗೂ 1/1000ಕ್ಕಿಂತ ಮೇಲೆ ಇಡುತ್ತೀರಿ, ಅಲ್ವಾ? ಅಲ್ಲಿ ವಿಆರ್ ಬೇರೆ ರೀತಿ ನೆರವಾಗುತ್ತದೆ. ದೋಣಿ ತೂಗುವಾಗಲೂ ವ್ಯೂಫೈಂಡರ್‌ನಲ್ಲಿ ಹಕ್ಕಿ ಅಷ್ಟೊಂದು ಜಿಗಿದಾಡುವುದಿಲ್ಲ, ಹಿಡಿದು ಫೋಕಸ್ ಮಾಡುವುದು ಸುಲಭ.

ಕೊಳ್ಳುವಾಗ ಹುಷಾರು. ಎರಡು ಲೆನ್ಸೂ ನೋಡಲು ಒಂದೇ ಥರ, ವಿಆರ್‌ಗೆ ಪ್ರತ್ಯೇಕ ಸ್ವಿಚ್ಚೂ ಇಲ್ಲ. ಲೆನ್ಸ್ ಮೇಲಿನ ಹೆಸರಿನಲ್ಲಿ ‘ವಿಆರ್’ ಇದೆಯಾ ಓದಿ. ನಿಮ್ಮ ಕ್ಯಾಮೆರಾಗೇ ಹಾಕಿ, ಶೂಟಿಂಗ್ ಮೆನುವಿನಲ್ಲಿ ಅದನ್ನು ಆನ್ ಮಾಡಿ, 300ಕ್ಕೆ ಎಳೆದು ಅಂಗಡಿ ಎದುರಿನ ಬೋರ್ಡಿನ ಅಕ್ಷರಗಳನ್ನು 1/60ರಲ್ಲಿ ತೆಗೆಯಿರಿ. ಆಮೇಲೆ ಆಫ್ ಮಾಡಿ ಇನ್ನೊಂದಿಷ್ಟು. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಎರಡನ್ನೂ ಹೋಲಿಸಿ ನೋಡದೆ ದುಡ್ಡು ಕೊಡಬೇಡಿ.