ಪೊಲೀಸರು ನನ್ನ ಬೆರಳನ್ನು ಒತ್ತಿಸಿ ಮೊಬೈಲ್ ತೆರೆಸಬಹುದೇ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ವಾಹನ ತಪಾಸಣೆಗೆ ನಿಲ್ಲಿಸಿದವರು ಬೆರಳು ಒತ್ತಿಸಿ ಮೊಬೈಲ್ ತೆರೆಸಬಹುದೇ ಎಂದು ಕೇಳಿದ್ದೀರಿ. ಕೇವಲ ತಪಾಸಣೆಯ ನೆಪದಲ್ಲಿ ಆಗದು. ಮೊಬೈಲ್ ಶೋಧಿಸಲು ನ್ಯಾಯಾಲಯದ ವಾರಂಟ್ ಬೇಕು, ತೀರಾ ತುರ್ತಿದ್ದರೆ ಮಾತ್ರ ಕಾರಣವನ್ನು ಲಿಖಿತವಾಗಿ ದಾಖಲಿಸಿ ಶೋಧಿಸಬಹುದು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ.

ಆದರೆ ವಾರಂಟ್ ಬಂದ ಮೇಲೆ, ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಲು ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿಯನ್ನು ನಂಬಿ ಕೈಕಟ್ಟಿ ಕೂರುವಂತಿಲ್ಲ. ಬೆರಳಚ್ಚು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ತೀರ್ಪಿತ್ತಿದೆ. ಮೊಬೈಲೇ ಇಲ್ಲದ ಕಾಲದ ಆ ಮಾತು ಇಂದಿಗೂ ಆಧಾರ! ಪಾಸ್‌ವರ್ಡ್ ಮಾತ್ರ ಮನಸ್ಸಿನೊಳಗಿನ ಮಾಹಿತಿ, ಅದನ್ನು ಬಲವಂತದಿಂದ ಹೇಳಿಸುವಂತಿಲ್ಲ ಎಂದು ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯವೊಂದು 2022ರಲ್ಲಿ ಭೇದ ಮಾಡಿತು. ನಮ್ಮ ಹೈಕೋರ್ಟ್ ತನ್ನ 2021ರ ತೀರ್ಪಿನಲ್ಲಿ ಅಂಥ ಭೇದ ಮಾಡಿಲ್ಲ. ದಾವಣಗೆರೆಯವರು ನೋಡಬೇಕಾದದ್ದು ಈ ತೀರ್ಪನ್ನೇ.

ನನ್ನನ್ನು ಕೇಳಿದರೆ, ಪೊಲೀಸರಿಗಿಂತ ಮನೆಯವರದೇ ಹೆಚ್ಚಿನ ಚಿಂತೆ. ನಿದ್ರೆಯಲ್ಲಿರುವವರ ಬೆರಳು ಹಿಡಿದು ಒತ್ತಲು ವಾರಂಟ್ ಯಾರು ತರುತ್ತಾರೆ? ಮಲಗುವ ಮುನ್ನ ಮೊಬೈಲನ್ನು ರೀಸ್ಟಾರ್ಟ್ ಮಾಡಿಡಿ. ಆಮೇಲೆ ಮೊದಲ ಸಲ ತೆರೆಯಲು ಅದು ಪಿನ್ ಕೇಳುತ್ತದೆ, ಬೆರಳು ನಡೆಯುವುದಿಲ್ಲ.