ಓದುಗರ ಪ್ರಶ್ನೆ: ಡಿಎನ್‌ಎ ಹೇಳುವ ನಂಟು, ಹೇಳದ ಊರು

ಪ್ರಶ್ನೆ: ಮನೆಯಲ್ಲೇ ಜೊಲ್ಲು ತುಂಬಿ ಕಳಿಸುವ ಡಿಎನ್‌ಎ ಪರೀಕ್ಷೆ ಮಾಡಿಸಿದೆ. ಬಳ್ಳಾರಿಯ ಒಬ್ಬರ ಜೊತೆ 430 ಸೆಂಟಿಮಾರ್ಗನ್ (ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎ ಅಳೆಯುವ ಮಾನ) ಹೊಂದಿಕೆ ಬಂದಿದೆ. ಅವರು ನನ್ನ ತಂದೆಯ ಅಥವಾ ತಾಯಿಯ ಕಸಿನ್ ಇರಬೇಕು ಎನ್ನುತ್ತದೆ ವರದಿ. ಹಿರಿಯರು ಮಾತ್ರ, ‘ಅವರ ಅಜ್ಜಿ, ನಿಮ್ಮ ಅಜ್ಜಿ ಅಕ್ಕ-ತಂಗಿ, ಅಷ್ಟೇ’ ಅನ್ನುತ್ತಾರೆ. ಯಾರ ಮಾತು ನಂಬಲಿ?
– ಓದುಗರು, ಸಿಂಧನೂರು

ಉತ್ತರ: 430 ಎಂಬ ಸಂಖ್ಯೆ, ಹಿರಿಯರ ಮಾತು ಎರಡೂ ನಿಜವಿರಬಹುದು. ಅಜ್ಜಿಯರು ಒಡಹುಟ್ಟಿದವರಾದರೆ ಮೊಮ್ಮಕ್ಕಳ ನಡುವೆ ಸರಾಸರಿ 230 ಸೆಂಟಿಮಾರ್ಗನ್ ಹೊಂದುತ್ತದೆ. ತಂದೆ ಅಥವಾ ತಾಯಿಯ ಕಸಿನ್ ಜೊತೆ ಸುಮಾರು 430. ಕಂಪನಿ ಈ ಸರಾಸರಿ ನೋಡಿ ಊಹಿಸುತ್ತದೆ, ನಂಟು ಒಂದೇ ದಾರಿಯದು ಎಂದುಕೊಂಡು. ನಮ್ಮ ಕಡೆ ಹಾಗಿರುವುದಿಲ್ಲ. ಆ ಅಕ್ಕ-ತಂಗಿಯರನ್ನು ಒಂದೇ ಮನೆಯ ಅಣ್ಣ-ತಮ್ಮಂದಿರಿಗೆ ಕೊಟ್ಟಿದ್ದರೆ 230ಕ್ಕೆ ಇನ್ನೊಂದು 230 ಸೇರುತ್ತದೆ. ಹೆಣ್ಣು ಕೊಟ್ಟು ಹೆಣ್ಣು ತಂದ ಮನೆಗಳಲ್ಲೂ ಹೀಗೆಯೇ. ಇನ್ನು ಅಕ್ಕನ ಮಗಳನ್ನೇ ತಂದುಕೊಂಡವರ ಮಕ್ಕಳಲ್ಲಿ ಸರಾಸರಿ 12.5% ಡಿಎನ್‌ಎ ತಂದೆ-ತಾಯಿ ಇಬ್ಬರಿಂದಲೂ ಒಂದೇ ಪ್ರತಿಯಾಗಿ ಬಂದಿರುತ್ತದೆ. ಸೋದರಮಾವನ ಅಥವಾ ಸೋದರತ್ತೆಯ ಮಗಳಾದರೆ 6.25%. ಹೀಗಾಗಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ.

ಮೊದಲು ವಂಶವೃಕ್ಷ ಬರೆಯಿರಿ, ಪ್ರತಿ ಸೊಸೆಯ ತವರುಮನೆ ಸಮೇತ. ಗಂಡಸರ ಹೆಸರಷ್ಟೇ ಇರುವ ವಂಶವೃಕ್ಷದಲ್ಲಿ ಈ ಗಂಟು ಬಿಡಿಸಲಾಗದು. ಆಮೇಲೆ ಹೊಂದಿಕೆಯಾದ ಡಿಎನ್‌ಎ ತುಂಡುಗಳ ಉದ್ದ ನೋಡಿ. ತುಂಡುಗಳು ಬಹಳವಿದ್ದು ಹೆಚ್ಚಿನವು 10 ಸೆಂಟಿಮಾರ್ಗನ್‌ಗಿಂತ ಚಿಕ್ಕವಾಗಿದ್ದರೆ ಅದು ತಲೆಮಾರುಗಳಿಂದ ಒಳಗೊಳಗೇ ನಡೆದ ಮದುವೆಗಳ ಗುರುತು. ಉದ್ದ ತುಂಡುಗಳಿದ್ದರೆ ನಂಟು ಇತ್ತೀಚಿನದು. ಸಾಧ್ಯವಾದರೆ ತಂದೆ ಕಡೆ ಒಬ್ಬರು, ತಾಯಿ ಕಡೆ ಒಬ್ಬರು ಹಿರಿಯರ ಪರೀಕ್ಷೆಯನ್ನೂ ಮಾಡಿಸಿ. ಇಬ್ಬರಿಗೂ ಬಳ್ಳಾರಿಯವರು ಹೊಂದಿದರೆ ನಂಟು ಎರಡೂ ಕಡೆಯಿಂದ ಬಂದಿದೆ. ಇಷ್ಟು ಮಾಡುವ ಮುಂಚೆ ಮನೆಯ ಹೆಣ್ಣುಮಕ್ಕಳ ಬಗ್ಗೆ ಒಂದು ಅನುಮಾನದ ಮಾತೂ ಆಡಬೇಡಿ. ಅಕ್ಕ-ತಂಗಿಯರ ಮೊಮ್ಮಕ್ಕಳೆಂಬ ಒಂದೇ ದಾರಿಯ ನಂಟಿದ್ದರೂ ಈ ಸಂಖ್ಯೆ 40ರಿಂದ 590ರವರೆಗೆ ಏರಿಳಿಯುತ್ತದೆ.

ಪ್ರಶ್ನೆ: ನಮ್ಮ ಅವ್ವನಿಗೆ 78. ಎಲೆ-ಅಡಿಕೆ ಹಾಕುತ್ತಾರೆ. ಒಮ್ಮೆ ಮಾದರಿ ಕಳಿಸಿದರೆ ‘ಡಿಎನ್‌ಎ ಸಾಲದು’ ಎಂದು ವಾಪಸ್ ಬಂತು.
– ಓದುಗರು, ಸಿರುಗುಪ್ಪ

ಉತ್ತರ: ಬಿಡಬೇಡಿ. ಅವರ ತಂದೆ-ತಾಯಿಯಿಂದ ಅವರಿಗೆ ಬಂದ ಡಿಎನ್‌ಎಯಲ್ಲಿ ಅರ್ಧವಷ್ಟೇ ನಿಮಗೆ ದಾಟಿದೆ, ನಿಮ್ಮ ಮಕ್ಕಳಿಗೆ ಅದರರ್ಧ. ಈ ಸಲ ಜೊಲ್ಲಿನ ನಳಿಕೆ ಬೇಡ, ಕೆನ್ನೆಯ ಒಳಗೆ ಉಜ್ಜುವ ಕಡ್ಡಿಯ ಕಿಟ್ ತರಿಸಿ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಚಹಾ, ಎಲೆ-ಅಡಿಕೆ ಏನೂ ಮುಟ್ಟದೆ ಅರ್ಧ ಗಂಟೆ ಕೂರಲಿ. ಪ್ರತಿ ಕಡ್ಡಿಯನ್ನೂ ಒಂದು ನಿಮಿಷ, ಸ್ವಲ್ಪ ಒತ್ತಿ ಉಜ್ಜಬೇಕು. ಜೊಲ್ಲಿನ ಕಿಟ್ಟೇ ಆದರೆ ಸುಮಾರು 2 ಮಿಲಿ ಬೇಕು; ನೊರೆ ಲೆಕ್ಕಕ್ಕಿಲ್ಲ. ಮುಚ್ಚಳದ ದ್ರವ ಪೂರ್ತಿ ಕೆಳಗಿಳಿದು ಬೆರೆಯುವಂತೆ ಅಲುಗಾಡಿಸಿ, ಮಾದರಿ ಕೆಡದಂತೆ ಕಾಪಾಡುವುದು ಅದೇ. ನಳಿಕೆಯ ಸಂಖ್ಯೆಯನ್ನು ಅವ್ವನ ಹೆಸರಿನಲ್ಲಿ ನೋಂದಾಯಿಸಿಯೇ ಅಂಚೆಗೆ ಹಾಕಿ.

ಪ್ರಶ್ನೆ: ನಮ್ಮ ಮೂಲ ಊರು ಯಾವುದೆಂದು ಪರೀಕ್ಷೆ ಹೇಳುತ್ತದೆಯೇ? ಆಸ್ತಿ ವ್ಯಾಜ್ಯಕ್ಕೆ ವರದಿ ನಡೆಯುತ್ತದೆಯೇ?
– ಓದುಗರು, ಕುಷ್ಟಗಿ

ಉತ್ತರ: ಎರಡೂ ಇಲ್ಲ. ‘ದಕ್ಷಿಣ ಭಾರತ’ ಎಂಬ ಶೇಕಡಾವಾರು ಆ ಕಂಪನಿಯ ಬಳಿ ಇರುವ ಇಂದಿನ ಜನರ ಮಾದರಿಗಳೊಂದಿಗೆ ಮಾಡಿದ ಹೋಲಿಕೆ. ಊರು, ಬೆಡಗು ಅದರಲ್ಲಿ ಬರುವುದಿಲ್ಲ. ಮಾದರಿ ನಿಜಕ್ಕೂ ಯಾರದೆಂಬ ಪುರಾವೆ ಇಲ್ಲದ ಕಾರಣ ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಊರಿಗಾಗಿ ಹೆಳವರನ್ನು ಹುಡುಕಿ. ಮನೆತನದ ತಲೆಮಾರುಗಳನ್ನು ಅವರು ಹೇಳುವಾಗ ಫೋನಿನಲ್ಲಿ ಪೂರ್ತಿ ಧ್ವನಿಮುದ್ರಿಸಿಕೊಳ್ಳಿ, ನಡುವೆ ಪ್ರಶ್ನೆ ಕೇಳಬೇಡಿ. ದತ್ತು ಬಂದವರನ್ನು ವಂಶಾವಳಿ ಮಗನೆಂದೇ ಹೇಳುತ್ತದೆ, ಡಿಎನ್‌ಎ ಬೇರೆ ಹೇಳುತ್ತದೆ, ಎರಡನ್ನೂ ಬರೆದಿಡಿ. ಕಾಗದ ಹುಡುಕುವಾಗ ನೆನಪಿರಲಿ: ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, 1948ರವರೆಗೆ ನಿಜಾಮರ ಆಡಳಿತ, ಹಾಗಾಗಿ ಹಳೆಯ ದಾಖಲೆ ಉರ್ದುವಿನಲ್ಲಿರಬಹುದು. ಬಳ್ಳಾರಿ ಕಡೆಯ ನಂಟರಿದ್ದರೆ, ಅವರ ಊರು 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು.

ಕೊನೆಗೆ ಒಂದು ಎಚ್ಚರಿಕೆ, ಮೂವರಿಗೂ. 2023ರಲ್ಲಿ ಅಮೆರಿಕದ 23ಅಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳ್ಳರ ಕೈಸೇರಿತು. ಬೇರೆ ಕಡೆ ಬಳಸಿದ್ದ ಪಾಸ್‌ವರ್ಡನ್ನೇ ಇಲ್ಲೂ ಇಟ್ಟಿದ್ದ ಸುಮಾರು 14,000 ಖಾತೆಗಳ ಮೂಲಕ ಅವರು ಒಳನುಗ್ಗಿದ್ದರು. ಉಳಿದ ಗ್ರಾಹಕರ ಮಾಹಿತಿ ಸಿಕ್ಕಿದ್ದು ಆ ಖಾತೆಗಳಲ್ಲಿ ಕಾಣುವ ನಂಟರ ಪಟ್ಟಿಯಿಂದ. ಹೊಸ ಪಾಸ್‌ವರ್ಡ್ ಇಡಿ, ಎರಡು ಹಂತದ ಲಾಗಿನ್ ಹಾಕಿ. ಮೂಲ ದತ್ತಾಂಶದ ಫೈಲು ಇಳಿಸಿಕೊಂಡ ಮೇಲೆ ಮಾದರಿಯನ್ನು ನಾಶಪಡಿಸಲು ಸೆಟ್ಟಿಂಗ್ಸ್‌ನಲ್ಲೇ ಕೋರಿಕೆ ಸಲ್ಲಿಸಿ.